ಬೇಲಿ ಇಲ್ಲದ ಕಾಡಿನಲ್ಲಿ ಮೂರು ರಾತ್ರಿ: ಸಾಬಿ ಸ್ಯಾಂಡ್‌ನ ಸಣ್ಣ ಸಫಾರಿ ಲಾಡ್ಜ್‌ಗೆ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರಿನ ಮೂರಂತಸ್ತಿನ ಕಟ್ಟಡ, ಕೌಂಟರ್ ಮೇಲೊಂದು ಗಣಪತಿ ಫೋಟೊ, ಬೆಳಿಗ್ಗೆ ಆರಕ್ಕೆ ಒಂದು ಬಕೆಟ್ ಬಿಸಿನೀರು. ದಕ್ಷಿಣ ಆಫ್ರಿಕಾದಲ್ಲಿ ಮೂರು ರಾತ್ರಿ ಲಾಡ್ಜ್‌ನಲ್ಲಿ ಇರುತ್ತೇವೆ ಎಂದಾಗ ಮೈಸೂರಿನ ನಮ್ಮ ದೊಡ್ಡಮ್ಮ, "ಅಷ್ಟು ದೂರ ಹೋಗಿ ಲಾಡ್ಜಲ್ಲಿ ಇರ್ತೀರಾ? ಒಳ್ಳೇ ಹೋಟೆಲ್ ಸಿಗಲಿಲ್ವಾ?" ಎಂದು ಮರುಗಿದರು. ಒಂದು ರಾತ್ರಿಗೆ ಎಷ್ಟು ಕೊಟ್ಟೆವೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಆ ದುಡ್ಡು ಯಾಕೆ ಅಷ್ಟು, ಅದರಲ್ಲಿ ಯಾವುದಕ್ಕೆ ಕೊಟ್ಟರೆ ಸಾರ್ಥಕ, ಯಾವುದಕ್ಕೆ ಕೊಟ್ಟರೆ ದಂಡ ಎಂಬುದು ಹೋಗುವ ಮೊದಲೇ ಗೊತ್ತಿದ್ದರೆ ಒಳ್ಳೆಯದು. ನನ್ನ ಮಟ್ಟಿಗೆ ಲೆಕ್ಕ ಸರಳ. ಕೋಣೆ, ಸ್ನಾನದ ತೊಟ್ಟಿ, ಪುಟ್ಟ ಈಜುಕೊಳ ಎಲ್ಲವೂ ಪಕ್ಕಕ್ಕಿರಲಿ. ಜೀಪಿನ ಮುಂದೆ ಕೂರುವ ಇಬ್ಬರಿಗೆ, ಅಂದರೆ ಗೈಡ್‌ಗೂ, ಹೆಜ್ಜೆ ಗುರುತು ಹಿಡಿದು ಪ್ರಾಣಿ ಹುಡುಕುವ ಟ್ರ್ಯಾಕರ್‌ಗೂ ನೀವು ದುಡ್ಡು ಕೊಡುತ್ತಿರುವುದು. ಲಾಡ್ಜ್ ಆರಿಸುವುದರಿಂದ ಹಿಡಿದು ಟಿಪ್ಸ್ ಲಕೋಟೆಯವರೆಗೆ ಎಲ್ಲ ತೀರ್ಮಾನಕ್ಕೂ ಇದೇ ಅಳತೆಗೋಲು ಇಟ್ಟುಕೊಳ್ಳಿ.

ಮೊದಲು ಜಾಗ ಅರ್ಥವಾಗಲಿ

ಇಂಗ್ಲಿಷಿನಲ್ಲಿ 'ಗೇಮ್' ಅಂದರೆ ಬೇಟೆಯ ಪ್ರಾಣಿ. ಗೇಮ್ ರಿಸರ್ವ್ ಎಂಬುದು ಬೇಟೆಗಾರರು ಬಿಟ್ಟುಹೋದ ಮಾತು. ಬಂಡೀಪುರವೂ ಒಂದು ಕಾಲಕ್ಕೆ ಮೈಸೂರು ಮಹಾರಾಜರ ಬೇಟೆಯ ಕಾಡೇ ಆಗಿತ್ತಲ್ಲ, ಹಾಗೆ. ಎಲ್ಲರ ಬಾಯಲ್ಲಿರುವ 'ಬಿಗ್ ಫೈವ್' ಕೂಡ ಅವರದ್ದೇ ಪಟ್ಟಿ: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕೇಪ್ ಎಮ್ಮೆ. ನೆಲದ ಮೇಲೆ ನಿಂತು ಬೇಟೆಯಾಡುವವನಿಗೆ ಅತಿ ಅಪಾಯದವು ಇವು ಎಂದು ಐದನ್ನು ಸೇರಿಸಿದ್ದು. ಅದಕ್ಕೇ ಜಿರಾಫೆಗೆ ಅಲ್ಲಿ ಜಾಗವಿಲ್ಲ.

ಕ್ರೂಗರ್ ರಾಷ್ಟ್ರೀಯ ಉದ್ಯಾನ ಸುಮಾರು 19,500 ಚದರ ಕಿಲೋಮೀಟರ್. ಕರ್ನಾಟಕದ ಹತ್ತನೇ ಒಂದು ಭಾಗದಷ್ಟು. ಅದರ ನೈಋತ್ಯ ಮಗ್ಗುಲಿಗೆ ಅಂಟಿಕೊಂಡಿರುವುದು ಸಾಬಿ ಸ್ಯಾಂಡ್. ಸಾಬಿ ಮತ್ತು ಸ್ಯಾಂಡ್ ಎಂಬ ಎರಡು ನದಿಗಳಿಂದ ಬಂದ ಹೆಸರು. ವಿಸ್ತೀರ್ಣ ಸುಮಾರು 65,000 ಹೆಕ್ಟೇರ್, ಹೆಚ್ಚುಕಡಿಮೆ ನಮ್ಮ ನಾಗರಹೊಳೆ ಉದ್ಯಾನದಷ್ಟೇ. ಆದರೆ ಇದು ಸರ್ಕಾರದ ಕಾಡಲ್ಲ. 1926ರಲ್ಲಿ ಕ್ರೂಗರ್ ಉದ್ಯಾನವಾದಾಗ ಹೊರಗುಳಿದ ಖಾಸಗಿ ಜಮೀನುಗಳ ಮಾಲೀಕರು 1948ರಲ್ಲಿ ಒಟ್ಟಾಗಿ ಇದನ್ನು ರಿಸರ್ವ್ ಮಾಡಿಕೊಂಡರು. 1960ರ ದಶಕದಲ್ಲಿ ನಡುವೆ ಬೇಲಿ ಬಿತ್ತು, 1993ರಲ್ಲಿ ಕಿತ್ತರು. ಈಗ ಸುಮಾರು 50 ಕಿಲೋಮೀಟರ್ ಉದ್ದದ ಗಡಿಯಲ್ಲಿ ಬೇಲಿಯೇ ಇಲ್ಲ. ಆನೆಗೆ ಯಾವುದು ಸರ್ಕಾರದ್ದು, ಯಾವುದು ಖಾಸಗಿಯದ್ದು ಎಂಬ ಗೊಡವೆಯಿಲ್ಲ.

ಪ್ರಾಣಿ ಅವೇ, ಆದರೆ ನಿಯಮ ಬೇರೆ. ಕ್ರೂಗರ್‌ನಲ್ಲಿ ನಿಮ್ಮದೇ ಕಾರು ಓಡಿಸಬಹುದು, ಆದರೆ ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ, ಕತ್ತಲಾಗುವ ಮುಂಚೆ ಕ್ಯಾಂಪಿನ ಗೇಟಿನೊಳಗಿರಬೇಕು. ಖಾಸಗಿ ರಿಸರ್ವ್‌ನಲ್ಲಿ ತೆರೆದ ಜೀಪು. ಚಿರತೆ ಪೊದೆಗೆ ನುಗ್ಗಿದರೆ ಹಿಂದೆಯೇ ನುಗ್ಗಬಹುದು. ಕತ್ತಲಾದ ಮೇಲೂ ಸ್ಪಾಟ್‌ಲೈಟ್ ಹಿಡಿದು ತಿರುಗಬಹುದು. ಕಬಿನಿಯಲ್ಲಿ ಕೊಟ್ಟ ಜೋನ್ ಬಿಟ್ಟು ಅತ್ತಿತ್ತ ಹೋಗಲಾಗದೆ, ಸಮಯವಾಯಿತೆಂದು ಹುಲಿಗೆ ಬೆನ್ನು ಹಾಕಿ ಗೇಟಿಗೆ ಓಡಿದ ನಮ್ಮಂಥವರಿಗೆ ಇದು ಮೊದಲು ನಂಬಿಕೆಯೇ ಆಗುವುದಿಲ್ಲ.

ಯಾವ ಕಾಡು, ಯಾವ ಲಾಡ್ಜ್

ಚಿರತೆ ಹತ್ತಿರದಿಂದ ನೋಡಬೇಕೆಂದಿದ್ದರೆ ಕಣ್ಣುಮುಚ್ಚಿ ಸಾಬಿ ಸ್ಯಾಂಡ್. ದಶಕಗಳಿಂದ ಜೀಪು ನೋಡಿ ಬೆಳೆದ ಚಿರತೆಗಳು ಅಲ್ಲಿ ತಲೆಮಾರುಗಳಾಗಿವೆ; ಗಾಡಿ ಬಂದು ನಿಂತರೆ ಕಿವಿಯೂ ಅಲ್ಲಾಡಿಸುವುದಿಲ್ಲ. ಆದರೆ ಖರ್ಚೂ ಅದಕ್ಕೆ ತಕ್ಕಂತೆ. ಉತ್ತರಕ್ಕೆ ಹೋದರೆ ಟಿಂಬಾವಾಟಿ, ಕ್ಲಾಸೆರಿ, ಬಲೂಲೆ ಎಂಬ ಖಾಸಗಿ ರಿಸರ್ವ್‌ಗಳಿವೆ. ಇವೂ ಕ್ರೂಗರ್‌ಗೆ ತೆರೆದುಕೊಂಡವೇ, ಸಾಮಾನ್ಯವಾಗಿ ಬೆಲೆ ಕಡಿಮೆ. ಚಿಕ್ಕ ಮಕ್ಕಳಿದ್ದು ಮಲೇರಿಯಾ ಭಯವಿದ್ದರೆ ಬೊಟ್ಸ್ವಾನಾ ಗಡಿಯ ಮಡಿಕ್ವೆ ನೋಡಿ. 1991ರಲ್ಲಿ, ಸೊರಗಿಹೋಗಿದ್ದ ದನದ ಫಾರಂ ಜಮೀನನ್ನು ಕಾಡು ಮಾಡಿ, 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ಬೇರೆ ಕಡೆಯಿಂದ ತಂದು ಬಿಟ್ಟು ಕಟ್ಟಿದ ರಿಸರ್ವ್ ಅದು. ಮಲೇರಿಯಾ ಇಲ್ಲ.

ಸಣ್ಣ ಲಾಡ್ಜ್ ಅಂದರೆ ಆರರಿಂದ ಹತ್ತು ಕೋಣೆ, ಹೆಚ್ಚೆಂದರೆ ಇಪ್ಪತ್ತು ಜನ. ಇಲ್ಲಿ ಬಹಳ ಜನ ಎಡವುತ್ತಾರೆ. ವೆಬ್‌ಸೈಟಿನಲ್ಲಿ ಕೋಣೆಯ ಫೋಟೊ ನೋಡಿ ಬುಕ್ ಮಾಡುತ್ತಾರೆ. ಫೋಟೊದಲ್ಲಿ ಸ್ನಾನದ ತೊಟ್ಟಿಯ ಪಕ್ಕದಲ್ಲೇ ಆನೆ ನಿಂತಿರುತ್ತದೆ. ಅದೆಲ್ಲ ನೋಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮುಂಗಡ ಕಟ್ಟುವ ಮೊದಲು ಒಂದು ಇಮೇಲ್ ಬರೆದು ಇಷ್ಟು ಕೇಳಿ:

- ಜೀಪಿಗೆ ಗೈಡ್ ಬಿಟ್ಟು ಬೇರೆಯಾಗಿ ಟ್ರ್ಯಾಕರ್ ಇರುತ್ತಾರಾ?
- ಒಂದು ಜೀಪಿನಲ್ಲಿ ಎಷ್ಟು ಜನ? ಆರಕ್ಕಿಂತ ಹೆಚ್ಚು ಅಂದರೆ ಮಧ್ಯದಲ್ಲಿ ಕೂತವರ ಕಥೆ ಮುಗಿಯಿತು.
- ನಿಮ್ಮ ಗಾಡಿ ಎಷ್ಟು ಹೆಕ್ಟೇರಿನಲ್ಲಿ ತಿರುಗಬಹುದು? ಒಂದೊಂದು ಲಾಡ್ಜ್‌ಗೆ ಅಕ್ಕಪಕ್ಕದ ಜಮೀನಿನಲ್ಲಿ ತಿರುಗುವ ಹಕ್ಕು ಒಂದೊಂದು ಥರ.
- ಒಂದು ಪ್ರಾಣಿಯ ಸುತ್ತ ಎಷ್ಟು ಗಾಡಿ ಬಿಡುತ್ತೀರಿ? ಎರಡು ಮೂರು ಅಂದರೆ ಒಳ್ಳೆಯದು.
- ಎಷ್ಟು ವಯಸ್ಸಿನ ಮಕ್ಕಳಿಗೆ ಜೀಪಿನಲ್ಲಿ ಅವಕಾಶ? ಆರು ವರ್ಷದೊಳಗಿನವರನ್ನು ಹಲವು ಕಡೆ ಹತ್ತಿಸುವುದಿಲ್ಲ. ಹನ್ನೆರಡರ ಒಳಗಿನವರನ್ನು ಲಾಡ್ಜ್‌ಗೇ ಬಿಡದವರೂ ಇದ್ದಾರೆ.

ಉತ್ತರ ಸ್ಪಷ್ಟವಾಗಿ ಬಂದರೆ ಆ ಲಾಡ್ಜ್ ಮೇಲೆ ಅರ್ಧ ನಂಬಿಕೆ ಇಡಬಹುದು. ಫೋಟೊ ಕಳಿಸಿ ಮಾತು ಹಾರಿಸಿದರೆ ಬೇರೆ ಕಡೆ ನೋಡಿ.

ಎಷ್ಟು ರಾತ್ರಿ? ಮೂರು. ಎರಡು ರಾತ್ರಿಗೆ ನಾಲ್ಕೇ ಡ್ರೈವ್ (ಜೀಪಿನಲ್ಲಿ ಕಾಡು ಸುತ್ತುವುದು), ಅದರಲ್ಲೊಂದು ಮಳೆಗೆ ಹೋದರೆ ಹೋಯಿತು. ಎರಡು ಲಾಡ್ಜ್‌ಗಳಲ್ಲಿ ಎರಡೆರಡು ರಾತ್ರಿ ಇರುವ ಬದಲು ಒಂದರಲ್ಲೇ ಮೂರು ಇರಿ. ಮೊದಲ ದಿನ ಗೈಡ್ ನಿಮ್ಮನ್ನು ಅಳೆಯುತ್ತಾರೆ; ಎರಡನೇ ದಿನದಿಂದ ನಿಮ್ಮ ಅಭಿರುಚಿಗೆ ತಕ್ಕಂತೆ ಕಾಡು ತೋರಿಸುತ್ತಾರೆ. ಬಜೆಟ್ ಹಿಗ್ಗದಿದ್ದರೆ ಮೊದಲು ಎರಡು ರಾತ್ರಿ ಕ್ರೂಗರ್‌ನ ಸರ್ಕಾರಿ ಕ್ಯಾಂಪಿನಲ್ಲಿ, ಸ್ಕುಕುಜಾ ಅಥವಾ ಲೋವರ್ ಸಾಬಿಯಲ್ಲಿ, ಸ್ವಂತ ಕಾರಿನಲ್ಲಿ ತಿರುಗಿ. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ, ಮಣ್ಣಿನ ರಸ್ತೆಯಲ್ಲಿ 40. ಪ್ರಾಣಿಯನ್ನು ನಾವೇ ಹುಡುಕುವುದು ಎಷ್ಟು ಕಷ್ಟ ಎಂದು ತಿಳಿದ ಮೇಲೆ ಟ್ರ್ಯಾಕರ್ ಬೆಲೆ ತಾನಾಗಿ ಗೊತ್ತಾಗುತ್ತದೆ.

ಯಾವ ತಿಂಗಳು

ದಕ್ಷಿಣ ಗೋಳಾರ್ಧ, ಋತುಗಳು ತಿರುಗುಮುರುಗು. ಮೇನಿಂದ ಸೆಪ್ಟೆಂಬರ್‌ವರೆಗೆ ಒಣ ಚಳಿಗಾಲ. ಎಲೆ ಉದುರಿ ಕಾಡು ಬಯಲಾಗುತ್ತದೆ, ಪ್ರಾಣಿಗಳು ನೀರಿನ ಸುತ್ತ ಸೇರುತ್ತವೆ, ಸೊಳ್ಳೆ ಕಡಿಮೆ. ಮೊದಲ ಸಲ ಹೋಗುವವರಿಗೆ ಇದೇ ಸರಿ. ಆದರೆ ಬೆಳಗಿನ ಚಳಿಯನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಜುಲೈಯಲ್ಲಿ ಮುಂಜಾನೆ ಏಳೆಂಟು ಡಿಗ್ರಿ, ಅದರ ಮೇಲೆ ತೆರೆದ ಗಾಡಿಯ ಗಾಳಿ. ಆಫ್ರಿಕಾ ಅಂದರೆ ಬಿಸಿಲು ಎಂದುಕೊಂಡು ಒಂದು ತೆಳು ಜಾಕೆಟ್ ತಂದಿದ್ದ ನಾನು ಮೊದಲ ಬೆಳಿಗ್ಗೆ ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು ಮಂಕಿ ಕ್ಯಾಪ್ ಹಾಕಿಕೊಂಡು ಬೆಚ್ಚಗಿದ್ದರು. ಬೆಂಗಳೂರಿನಲ್ಲಿ ಪ್ಯಾಕ್ ಮಾಡುವಾಗ ಅದೇ ಮಂಕಿ ಕ್ಯಾಪನ್ನು ನೋಡಿ ನಾನು ನಕ್ಕಿದ್ದೆ.

ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಹಸಿರು ದಟ್ಟ, ಪ್ರಾಣಿ ಕಾಣುವುದು ಕಷ್ಟ, ಸೆಕೆ ಕೆಲವು ದಿನ 40 ಡಿಗ್ರಿಯ ಹತ್ತಿರ. ಆದರೆ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಇಂಪಾಲ ಎಂಬ ಜಿಂಕೆಗಳು ಒಟ್ಟೊಟ್ಟಿಗೆ ಮರಿ ಹಾಕುತ್ತವೆ. ವಲಸೆ ಹಕ್ಕಿಗಳು ತುಂಬಿಕೊಳ್ಳುತ್ತವೆ. ಹಕ್ಕಿ ಹುಚ್ಚಿನವರಿಗೆ ಇದೇ ಹಬ್ಬ.

ದುಡ್ಡಿನ ಲೆಕ್ಕ

ಬೆಲೆಪಟ್ಟಿಯಲ್ಲಿ ಕಾಣುವ ಅಂಕಿ ಒಬ್ಬರಿಗೆ, ಒಂದು ರಾತ್ರಿಗೆ. ಕೋಣೆಗಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ನಾವು ಹಾಗೆ ಓದಿರಲಿಲ್ಲ. ಲಾಡ್ಜ್‌ಗೆ ತಕ್ಕಂತೆ ಒಬ್ಬರಿಗೆ ದಿನಕ್ಕೆ ಹತ್ತಾರು ಸಾವಿರ ರೂಪಾಯಿಯಿಂದ ಶುರುವಾಗಿ ಲಕ್ಷ ದಾಟುತ್ತದೆ. ಒಬ್ಬರೇ ಹೋದರೆ ಮೇಲೊಂದಿಷ್ಟು ಸೇರಿಸುತ್ತಾರೆ.

ಆ ದುಡ್ಡಿನಲ್ಲಿ ಸಾಮಾನ್ಯವಾಗಿ ಮೂರು ಹೊತ್ತಿನ ಊಟ, ದಿನಕ್ಕೆ ಎರಡು ಡ್ರೈವ್, ಕಾಡಿನ ನಡಿಗೆ, ಕಾಫಿ-ಟೀ, ಬಹಳ ಕಡೆ ಸ್ಥಳೀಯ ಪಾನೀಯ ಮತ್ತು ಬಟ್ಟೆ ಒಗೆಯುವುದೂ ಸೇರಿರುತ್ತದೆ. ಸೇರಿರದವು: ರಿಸರ್ವ್ ಗೇಟಿನ ಶುಲ್ಕ, ದಿನದ ಸಂರಕ್ಷಣಾ ಶುಲ್ಕ, ವಿಮಾನ ನಿಲ್ದಾಣದಿಂದ ಗಾಡಿ, ಟಿಪ್ಸ್. ಜೀಪನ್ನು ನಿಮ್ಮ ಕುಟುಂಬಕ್ಕೇ ಇಟ್ಟುಕೊಳ್ಳಬೇಕಾದರೆ ಪ್ರತ್ಯೇಕ ಬಾಡಿಗೆ. ನಾಲ್ಕೈದು ಜನ ಒಟ್ಟಿಗೆ ಹೋಗುವವರಿಗೆ, ಅದರಲ್ಲೂ ಕ್ಯಾಮೆರಾ ಹುಚ್ಚಿನವರಿಗೆ, ದೊಡ್ಡ ಕೋಣೆಗೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕುವುದು ಜಾಣತನ. ಇಲ್ಲಿನ ಟೂರ್ ಕಂಪನಿ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ರಸೀದಿ ಕಳೆಯಬೇಡಿ.

ಲಾಡ್ಜ್‌ನಲ್ಲಿ ಎಟಿಎಂ ಇರುವುದಿಲ್ಲ. ಟಿಪ್ಸ್‌ಗೆ ಬೇಕಾದ ರ‍್ಯಾಂಡ್ ನೋಟುಗಳನ್ನು ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳಿ.

ಕಾಗದಪತ್ರ, ಲಸಿಕೆ, ಮಾತ್ರೆ

ಭಾರತೀಯರಿಗೆ ದಕ್ಷಿಣ ಆಫ್ರಿಕಾ ವೀಸಾ ಬೇಕು. ಲಾಡ್ಜ್ ಬುಕ್ ಮಾಡಿದ ಪತ್ರ, ವಿಮಾನದ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್ ಸಿದ್ಧವಿಟ್ಟುಕೊಂಡು ಬಹಳ ಮುಂಚೆ ಅರ್ಜಿ ಹಾಕಿ. ಪಾಸ್‌ಪೋರ್ಟ್‌ನಲ್ಲಿ ಎರಡು ಖಾಲಿ ಪುಟ ಇರಲಿ, ಅವಧಿ ವಾಪಸಾಗುವ ದಿನದಿಂದ ಕನಿಷ್ಠ 30 ದಿನ ಉಳಿದಿರಲಿ. ಮಕ್ಕಳಿದ್ದರೆ ಜನನ ಪ್ರಮಾಣಪತ್ರ, ತಂದೆ-ತಾಯಿಯಲ್ಲಿ ಒಬ್ಬರೇ ಕರೆದೊಯ್ಯುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೈಚೀಲದಲ್ಲಿಡಿ.

ಬೆಂಗಳೂರಿನಿಂದ ಜೊಹಾನ್ಸ್‌ಬರ್ಗ್‌ಗೆ ನೇರ ವಿಮಾನವಿಲ್ಲ. ದುಬೈ, ದೋಹಾ ಮೂಲಕ ಹೋದರೆ ತಲೆನೋವಿಲ್ಲ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಟಿಕೆಟ್ ಅಗ್ಗ ಎಂದು ತೆಗೆದುಕೊಂಡರೆ ಹಳದಿ ಜ್ವರದ ಪ್ರಶ್ನೆ ಬರುತ್ತದೆ. ಆ ಜ್ವರವಿರುವ ದೇಶದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಳೆದರೆ ದಕ್ಷಿಣ ಆಫ್ರಿಕಾ ಲಸಿಕೆ ಪ್ರಮಾಣಪತ್ರ ಕೇಳುತ್ತದೆ. ಭಾರತಕ್ಕೆ ಮರಳುವಾಗ ಇಲ್ಲಿಯೂ ಕೇಳಬಹುದು. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲಷ್ಟೇ ಆ ಪತ್ರಕ್ಕೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ ಹಾಕಿಸಬೇಕು.

ಕ್ರೂಗರ್ ಸುತ್ತಲಿನದು ಮಲೇರಿಯಾ ಪ್ರದೇಶ. ಮಳೆಗಾಲದಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ತಡೆ ಮಾತ್ರೆ ಯಾವುದು, ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ವಾಟ್ಸ್ಯಾಪ್ ಗ್ರೂಪ್ ಬೇಡ. ವೈದ್ಯಕೀಯ ತುರ್ತಿನಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಕೊಡುವ ಟ್ರಾವೆಲ್ ವಿಮೆ ಕಡ್ಡಾಯ ಎಂದೇ ತಿಳಿಯಿರಿ.

ತಲುಪುವುದು, ಮತ್ತು ಚೀಲದ ವಿಚಾರ

ಮೂರು ದಾರಿ. ಜೊಹಾನ್ಸ್‌ಬರ್ಗ್‌ನಿಂದ ಸ್ಕುಕುಜಾ, ಹೂಡ್‌ಸ್ಪ್ರೇಟ್ ಅಥವಾ ಎಂಬೊಂಬೆಲಾ ಬಳಿಯ ಕ್ರೂಗರ್ ಎಂಪುಮಲಾಂಗ ನಿಲ್ದಾಣಕ್ಕೆ ಮಾಮೂಲಿ ವಿಮಾನ. ಇಲ್ಲವೇ ಲಾಡ್ಜ್‌ನ ಮಣ್ಣಿನ ರನ್‌ವೇಗೇ ಇಳಿಸುವ ಸಣ್ಣ ವಿಮಾನ. ಇಲ್ಲವೇ ಬಾಡಿಗೆ ಕಾರಿನಲ್ಲಿ ಐದಾರು ಗಂಟೆ. ಅಲ್ಲಿಯೂ ಎಡಬದಿಯ ಸಂಚಾರ, ನಮಗೆ ಸುಲಭ. ಆದರೆ ರಾತ್ರಿ ಓಡಿಸಬೇಡಿ: ರಸ್ತೆಯಲ್ಲಿ ದನ, ಗುಂಡಿ ಎರಡೂ ಇರುತ್ತವೆ. ಹೆದ್ದಾರಿ ಬಿಟ್ಟ ಮೇಲಿನ ಮಣ್ಣಿನ ಹಾದಿಗೆ ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ಸಾಬಿ ಸ್ಯಾಂಡ್‌ಗೆ ಶಾಸ್, ನ್ಯೂವಿಂಗ್ಟನ್, ಗೌರಿ ಎಂದು ಬೇರೆ ಬೇರೆ ಗೇಟುಗಳಿವೆ. ಗೌರಿ ಗೇಟ್ ಎಂದು ಓದಿದಾಗ ನಮ್ಮವರ ಹೆಸರೇ ಸಿಕ್ಕಿತೆಂದು ಖುಷಿಪಟ್ಟೆ. ನಮಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಲಾಡ್ಜ್‌ಗೆ ಯಾವ ಗೇಟು ಎಂದು ಕೇಳಿಕೊಂಡೇ ಹೊರಡಿ.

ಸಣ್ಣ ವಿಮಾನದವರಿಗೆ ಒಂದು ಮುಖ್ಯ ಮಾತು. ಚೀಲ ಮೆತ್ತಗಿರಬೇಕು, ತೂಕ ಸಾಮಾನ್ಯವಾಗಿ 20 ಕಿಲೋ, ಕ್ಯಾಮೆರಾ ಸೇರಿ. ಚಕ್ರದ ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಯೊಳಗೆ ಹೋಗುವುದೇ ಇಲ್ಲ. ನಾವು ಕೌಂಟರಿನ ಮುಂದೆ ನೆಲದಲ್ಲಿ ಕೂತು ಬಟ್ಟೆಯನ್ನೆಲ್ಲ ಒಂದು ಬಟ್ಟೆಚೀಲಕ್ಕೆ ತುರುಕಿ, ಸೂಟ್‌ಕೇಸನ್ನು ಅಲ್ಲೇ ಜಮೆ ಮಾಡಿ ಹೊರಟವರು.

ಬಟ್ಟೆ ಖಾಕಿ, ಕಂದು, ಮಾಸಲು ಹಸಿರು. ಬಿಳಿ ಬೇಡ, ಧೂಳಿಗೆ ಒಂದೇ ಡ್ರೈವ್‌ನಲ್ಲಿ ಕೆಂಪಾಗುತ್ತದೆ. ಮುಂದೆ ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತಕ್ಕೂ ಹೋಗುವವರು ಮಿಲಿಟರಿ ಚುಕ್ಕೆಯ ಬಟ್ಟೆ ಒಯ್ಯಬಾರದು, ಅಲ್ಲಿ ಅದು ಅಪರಾಧ. ಜೀಪಿನ ಮೆಟ್ಟಿಲು ಎತ್ತರ; ಸೀರೆಯಲ್ಲಿ ಹತ್ತುವುದು ಕಷ್ಟ, ಹಿರಿಯರಿಗೂ ಚೂಡಿದಾರ್ ಒಪ್ಪಿಸಿ. ಮಂಡಿನೋವಿನವರಿದ್ದರೆ ಸ್ಟೂಲ್ ಇಡಿಸಲು ಮೊದಲೇ ಹೇಳಿ. 8x42 ಬೈನಾಕ್ಯುಲರ್ ಮನೆಯಲ್ಲಿ ಎಷ್ಟು ಜನರೋ ಅಷ್ಟು ತನ್ನಿ. ಒಂದನ್ನೇ ಹಂಚಿಕೊಂಡರೆ ನಿಮ್ಮ ಸರದಿ ಬರುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ.

ಪ್ಲಗ್ ಬಗ್ಗೆ ಒಂದು ಗುಟ್ಟು. ದಕ್ಷಿಣ ಆಫ್ರಿಕಾದ ಹಳೆಯ ಸಾಕೆಟ್ ನಮ್ಮ ಗೀಸರ್‌ಗೆ ಹಾಕುವ ದೊಡ್ಡ ಮೂರು ಪಿನ್ನಿನದೇ. ಅಂಗಡಿಯಲ್ಲಿ ಸಾವಿರ ರೂಪಾಯಿಯ ಅಡಾಪ್ಟರ್ ಕೊಳ್ಳುವ ಬದಲು ದೊಡ್ಡ ಪಿನ್ನಿನ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಒಯ್ದರೆ ಇಡೀ ಸಂಸಾರದ ಫೋನು ಚಾರ್ಜ್ ಆಗುತ್ತದೆ.

ಊಟದ ಮಾತು ಬುಕ್ ಮಾಡುವಾಗಲೇ

ಲಾಡ್ಜ್ ಪೇಟೆಯಿಂದ ಗಂಟೆಗಟ್ಟಲೆ ದೂರ. ಅಲ್ಲಿ ಹೋಗಿ ಕೂತ ಮೇಲೆ "ನಾವು ವೆಜಿಟೇರಿಯನ್" ಅಂದರೆ ಅಡುಗೆಯವರಿಗೂ ಫಜೀತಿ, ನಿಮಗೂ ಮೂರು ದಿನ ಪಾಸ್ತಾ. ಬುಕಿಂಗ್ ಫಾರಂನಲ್ಲೇ ಬಿಡಿಸಿ ಬರೆಯಿರಿ: ಮಾಂಸ, ಮೀನು, ಮೊಟ್ಟೆ ಯಾವುದು ಬೇಡ, ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತೀರಾ ಇಲ್ಲವಾ, ಗೋಮಾಂಸ ಮಾತ್ರ ಬೇಡವಾ, ಹಲಾಲ್ ಬೇಕಾ. ಮೊದಲೇ ಹೇಳಿದರೆ ಸಣ್ಣ ಲಾಡ್ಜ್‌ನವರು ನಿಜಕ್ಕೂ ಮುತುವರ್ಜಿಯಿಂದ ಮಾಡುತ್ತಾರೆ.

ಸಂಜೆ ಕಾಡಿನಲ್ಲಿ ತಿಂಡಿಯ ತಟ್ಟೆ ಬಂದಾಗ ಹುಷಾರು. ಕಡ್ಡಿಕಡ್ಡಿಯಾಗಿ ಕಂದು ಬಣ್ಣದಲ್ಲಿರುವುದು ಬಿಲ್ಟಾಂಗ್, ಒಣಗಿಸಿದ ಮಾಂಸ, ಹೆಚ್ಚಾಗಿ ದನದ್ದೇ. ಕೇಳಿಯೇ ಕೈ ಹಾಕಿ. 'ಪಾಪ್' ಸಿಕ್ಕರೆ ಬಿಡಬೇಡಿ. ಬಿಳಿ ಮುಸುಕಿನ ಜೋಳದ ಹಿಟ್ಟಿನದು, ಮುದ್ದೆಯ ಸಂಬಂಧಿ. ಜೊತೆಗೆ ಬೀನ್ಸ್, ಕ್ಯಾರೆಟ್, ಮೆಣಸಿನಕಾಯಿಯ ಚಕಲಕಾ. ಮುದ್ದೆಯಂತೆ ಮುರಿದು ಅದ್ದಿ ತಿನ್ನುವುದನ್ನು ನೋಡಿದ ಅಡುಗೆಯ ಹೆಂಗಸು ಎರಡನೇ ದಿನ ಕೇಳದೆಯೇ ತಟ್ಟೆ ತಂದಿಟ್ಟರು. ಚಟ್ನಿಪುಡಿ ಒಂದು ಡಬ್ಬಿ ನಮ್ಮ ಜೊತೆಗಿತ್ತು. ಹಣ್ಣು, ಬೀಜ, ಜೇನು, ಹಾಲಿನ ಪದಾರ್ಥ ಮಾತ್ರ ಕಸ್ಟಮ್ಸ್‌ನಲ್ಲಿ ತೊಂದರೆ ಕೊಡುತ್ತವೆ, ಒಯ್ಯಬೇಡಿ.

ಅಲ್ಲಿಯ ದಿನಚರಿ

ಬೆಳಿಗ್ಗೆ ಐದು, ಐದೂವರೆಗೆ ಬಾಗಿಲು ತಟ್ಟುತ್ತಾರೆ. ಕಾಫಿ, ಎರಡು ರಸ್ಕ್. ಜೀಪು ಹೊರಡುತ್ತದೆ. ನಡುವೆ ಎಲ್ಲೋ ನಿಲ್ಲಿಸಿ ಬಾನೆಟ್ ಮೇಲೆ ಕಾಫಿ. ಒಂಬತ್ತರ ಸುಮಾರಿಗೆ ವಾಪಸ್, ದೊಡ್ಡ ತಿಂಡಿ. ಬೇಕಾದವರಿಗೆ ರೈಫಲ್ ಹಿಡಿದ ಗೈಡ್ ಜೊತೆ ಒಂದು ಗಂಟೆ ಕಾಲ್ನಡಿಗೆ. ಇದನ್ನು ತಪ್ಪಿಸಬೇಡಿ, ಸಗಣಿ ಹುಳ, ಜೇಡ, ಗೆದ್ದಲ ಹುತ್ತ ಜೀಪಿನಿಂದ ಕಾಣುವುದಿಲ್ಲ. ಮಧ್ಯಾಹ್ನ ನಿದ್ದೆ. ಮೂರೂವರೆಗೆ ಟೀ, ಮತ್ತೆ ಜೀಪು, ಸೂರ್ಯ ಮುಳುಗುವಾಗ ಒಂದು ನಿಲುಗಡೆ, ಸ್ಪಾಟ್‌ಲೈಟ್‌ನಲ್ಲಿ ವಾಪಸ್, ಏಳೂವರೆಗೆ ಬೆಂಕಿಯ ಸುತ್ತ ಊಟ. ಕಾಲಮಾನ ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ಮೊದಲ ದಿನ ಬಾಗಿಲು ತಟ್ಟುವ ಮುಂಚೆಯೇ ಎಚ್ಚರವಾಗಿರುತ್ತೀರಿ.

ಜೀಪಿನಲ್ಲಿ

ಗಾಡಿಗೆ ಮೇಲೆ ಮಾಡೂ ಇಲ್ಲ, ಬಾಗಿಲೂ ಇಲ್ಲ. ಮೂರು ಸಾಲು, ಹಿಂದಕ್ಕೆ ಹೋದಷ್ಟೂ ಎತ್ತರ. ಹಿಂದಿನ ಸಾಲಿನಿಂದ ನೋಟ ಚೆನ್ನ, ಆದರೆ ಕುಲುಕಾಟ ಮತ್ತು ಗಾಳಿ ಹೆಚ್ಚು. ಮಧ್ಯದ ಸಾಲು ಹಿರಿಯರಿಗೆ. ಮುಂದಿನ ಸಾಲಿಗೆ ಯಾರೂ ಹೋಗುವುದಿಲ್ಲ, ನೀವು ಹೋಗಿ. ಗೈಡ್ ಮೆಲ್ಲಗೆ ಹೇಳಿದ್ದೆಲ್ಲ ಕೇಳುವುದು ಅಲ್ಲಿ ಮಾತ್ರ, ಫೋಟೊಗೂ ಪ್ರಾಣಿಯ ಕಣ್ಣಿನ ಮಟ್ಟ ಅಲ್ಲೇ ಸಿಗುವುದು.

ಬಾನೆಟ್‌ನ ಎಡತುದಿಯಲ್ಲಿ ಒಂದು ಸಣ್ಣ ಕುರ್ಚಿ. ಅದರಲ್ಲಿ ಟ್ರ್ಯಾಕರ್. ಬಹಳ ಕಡೆ ಇವರು ಸುತ್ತಲಿನ ಊರುಗಳ ಶಾಂಗಾನ್ ಜನ, ಮಾತು ಸೋಂಗಾ. ಬೆಳಿಗ್ಗೆ "ಅವುಶೇನಿ" ಅನ್ನಿ, ಉಪಕಾರಕ್ಕೆ "ಇಂಕೋಮು" ಅನ್ನಿ. ಇವೆರಡೇ ಮಾತು ಸಾಕು, ಆ ಜೀಪಿನಲ್ಲಿ ನಿಮ್ಮ ಜಾಗ ಬದಲಾಗುತ್ತದೆ.

ನಮ್ಮ ಎರಡನೇ ಸಂಜೆ ಹೀಗಾಯಿತು. ಟ್ರ್ಯಾಕರ್ ಎಡಗೈ ಎತ್ತಿದರು, ಗಾಡಿ ನಿಂತಿತು. ಅವರು ಇಳಿದು ಮರಳಿನ ಮೇಲೆ ಬಗ್ಗಿದರು. ನಮಗೆ ಕಂಡದ್ದು ಬರೀ ಮರಳು. ಅವರು ಒಂದು ಕಡ್ಡಿಯಿಂದ ಸುತ್ತ ಗೆರೆ ಎಳೆದ ಮೇಲೆ ಹೆಜ್ಜೆ ಕಾಣಿಸಿತು: ದುಂಡಗೆ, ಉಗುರಿನ ಗುರುತಿಲ್ಲ. ಕತ್ತೆಕಿರುಬದ್ದಾದರೆ ಉಗುರು ಮೂಡುತ್ತದೆ, ಇದು ಚಿರತೆ, ಹೆಣ್ಣು. ಮಧ್ಯಾಹ್ನ ಬಿದ್ದ ನಾಲ್ಕು ಹನಿ ಮಳೆಯ ಚುಕ್ಕೆಗಳ ಮೇಲೆ ಹೆಜ್ಜೆ ಬಿದ್ದಿದೆ, ಹಾಗಾದರೆ ಹೋಗಿದ್ದು ಮಳೆಯ ಆಮೇಲೆ. ಹೆಜ್ಜೆಯ ಪಕ್ಕದಲ್ಲಿ ಮರಳು ಉಜ್ಜಿದಂತೆ ಅಗಲವಾದ ಪಟ್ಟಿ: ಬಾಯಲ್ಲಿ ಏನನ್ನೋ ಎಳೆದುಕೊಂಡು ಹೋಗಿದೆ. ಗೈಡ್, ಟ್ರ್ಯಾಕರ್ ಇಬ್ಬರೂ ಪೊದೆಯೊಳಗೆ ನಡೆದು ಹೋದರು. ನಾವು ನಾಲ್ಕು ಜನ ಗಾಡಿಯಲ್ಲಿ. ಎಲ್ಲೋ ಒಂದು ಅಳಿಲು ಒಂದೇ ಸಮನೆ ಚಿಟಚಿಟ ಎನ್ನುತ್ತಿತ್ತು. ಕಬಿನಿಯಲ್ಲಿ ಮುಸುವ ಕೂಗಿದರೆ ಗೈಡ್ "ಕಾಲ್ ಬರ್ತಾ ಇದೆ" ಅನ್ನುತ್ತಾರಲ್ಲ, ಅಲ್ಲಿ ಆ ಕೆಲಸ ಈ ಅಳಿಲಿನದು, ಇಂಪಾಲದ ಸೀನಿನದು, ಕುಡು ಎಂಬ ಜಿಂಕೆಯ ಬೊಗಳಿನದು. ನಲವತ್ತು ನಿಮಿಷ ಹುಡುಕಿದರೂ ಚಿರತೆ ಸಿಗಲಿಲ್ಲ, ಕತ್ತಲಾಯಿತು. ಮಾರನೆ ಬೆಳಿಗ್ಗೆ ನೇರ ಅದೇ ಜಾಗಕ್ಕೆ ಹೋದೆವು. ಗೆರೆ ಎಳೆದಿದ್ದ ಕಡೆಯಿಂದ ಇನ್ನೂರು ಮೀಟರ್ ಆಚೆ ಮರೂಲಾ ಮರದ ಕವಲಿನಲ್ಲಿ ಅರ್ಧ ತಿಂದ ಇಂಪಾಲ ತೂಗುತ್ತಿತ್ತು, ಮೇಲಿನ ಕೊಂಬೆಯಲ್ಲಿ ಅವಳು ಮಲಗಿದ್ದಳು. ಟ್ರ್ಯಾಕರ್ ತಿರುಗಿ ನೋಡಿ ಹುಬ್ಬು ಹಾರಿಸಿದರು, ಅಷ್ಟೇ.

ನೀವು ಮಾಡಬೇಕಾದ್ದು ಕಡಿಮೆ. ಪ್ರಾಣಿ ಹತ್ತಿರವಿದ್ದಾಗ ಎದ್ದು ನಿಲ್ಲಬೇಡಿ. ಕೂತಿರುವವರೆಗೆ ಅವಕ್ಕೆ ಗಾಡಿ ಮತ್ತು ನೀವು ಒಂದೇ ಆಕಾರ. ಕೈ ಹೊರಗೆ ಚಾಚಬೇಡಿ. ಫೋನ್ ಸೈಲೆಂಟ್. "ಸಿಂಹ ಯಾವಾಗ ತೋರಿಸ್ತೀರಿ" ಎಂದು ಪಟ್ಟಿ ಹಿಡಿದು ಕೂರಬೇಡಿ, ಗೈಡ್ ಕೂಡ ಪಟ್ಟಿ ತುಂಬಿಸಿ ಕೈತೊಳೆದುಕೊಳ್ಳುತ್ತಾರೆ. ಮೊದಲ ದಿನವೇ ನಿಮಗೆ ಏನು ಇಷ್ಟ ಎಂದು ಹೇಳಿ: ಹಕ್ಕಿ, ಹೆಜ್ಜೆ ಗುರುತು, ಮರ, ಆನೆ. ನಮ್ಮಲ್ಲಿ ಆನೆ ಬಹಳ ನೋಡಿದ್ದೇವೆ ಎಂದರೂ ಸರಿ. ಹುಲಿ ಮಾತ್ರ ಕೇಳಬೇಡಿ, ಆಫ್ರಿಕಾದಲ್ಲಿ ಕಾಡು ಹುಲಿ ಇಲ್ಲ.

ಮೂರುವರೆ ಗಂಟೆಯ ಡ್ರೈವ್‌ನಲ್ಲಿ ಶೌಚಾಲಯವಿಲ್ಲ. ಸಂಕೋಚ ಬಿಟ್ಟು ಮೊದಲೇ ಹೇಳಿ. ಗೈಡ್ ಒಂದು ಹುತ್ತದ ಹಿಂದೆ ಸುತ್ತು ಹಾಕಿ ನೋಡಿ ಬಂದು ಕಳಿಸುತ್ತಾರೆ. ಸಿಂಹದ ಗುಂಪಿನ ಪಕ್ಕ ನಿಂತ ಮೇಲೆ ಹೇಳಿದರೆ ಏನೂ ಮಾಡಲಾಗದು.

ಘೇಂಡಾಮೃಗ ಕಂಡರೆ ಫೋಟೊಗೆ ಜಾಗದ ಗುರುತು ಸೇರದಂತೆ ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ. ಕಳ್ಳಬೇಟೆಯವರು ಅದನ್ನೂ ನೋಡುತ್ತಾರೆ. ಈ ಭಾಗದಲ್ಲಿ ಹಲವು ಘೇಂಡಾಮೃಗಗಳ ಕೊಂಬನ್ನು ಕಾಪಾಡುವುದಕ್ಕೆಂದೇ ಕತ್ತರಿಸಿರುತ್ತಾರೆ; ಮೊಂಡು ಮೂತಿ ನೋಡಿ ಬೇಸರಪಡಬೇಡಿ.

ರಾತ್ರಿ

ಹೆಚ್ಚಿನ ಸಣ್ಣ ಲಾಡ್ಜ್‌ಗಳಿಗೆ ಬೇಲಿ ಇರುವುದಿಲ್ಲ, ಇದ್ದರೂ ಆನೆ ತಡೆಯಲು ಒಂದು ತಂತಿ. ಕತ್ತಲಾದ ಮೇಲೆ ಕೋಣೆಯಿಂದ ಊಟದ ಜಾಗಕ್ಕೆ ಒಬ್ಬರೇ ನಡೆಯಬಾರದು. ಫೋನ್ ಮಾಡಿದರೆ ಕಾವಲಿನವರು ಟಾರ್ಚ್ ಹಿಡಿದು ಬರುತ್ತಾರೆ. "ಇಲ್ಲೇ ತಾನೆ, ಐವತ್ತು ಹೆಜ್ಜೆ" ಅನ್ನುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಮಕ್ಕಳಿಗೆ ಇದನ್ನು ಹೆದರಿಸಿಯಾದರೂ ಹೇಳಿ.

ಹಗಲಿನಲ್ಲಿ ಬಾಲ್ಕನಿ ಬಾಗಿಲು ಚಿಲಕ ಹಾಕಿ. ಸಿಂಹಕ್ಕಲ್ಲ, ಕೋತಿಗೆ. ವರ್ವೆಟ್ ಕೋತಿಗೂ ಬಬೂನ್‌ಗೂ ಸಕ್ಕರೆ ಪೊಟ್ಟಣ ಎಲ್ಲಿಡುತ್ತಾರೆಂದು ನಿಮಗಿಂತ ಚೆನ್ನಾಗಿ ಗೊತ್ತು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಹೊರಡುವ ದಿನ

ಕೊನೆಯ ಬೆಳಿಗ್ಗೆಯೂ ಡ್ರೈವ್ ಇರುತ್ತದೆ, ನಿದ್ದೆಗೆ ಆಸೆಪಟ್ಟು ಬಿಡಬೇಡಿ. ಟಿಪ್ಸ್‌ಗೆ ಕೋಣೆಯಲ್ಲಿ ಲಕೋಟೆ ಇಟ್ಟಿರುತ್ತಾರೆ, ಎಷ್ಟು ವಾಡಿಕೆ ಎಂಬ ಚೀಟಿಯೂ ಇರುತ್ತದೆ. ಗೈಡ್‌ಗೆ ಒಂದು, ಟ್ರ್ಯಾಕರ್‌ಗೆ ಒಂದು, ಅಡುಗೆ-ಕೋಣೆಯವರಿಗೆಲ್ಲ ಸೇರಿ ಒಂದು. ಟ್ರ್ಯಾಕರ್ ಲಕೋಟೆಯನ್ನು ಗೈಡ್ ಕೈಗೆ ಕೊಟ್ಟು ಬರಬೇಡಿ, ಅವರ ಕೈಗೇ ಕೊಡಿ. ವಾಡಿಕೆಯಂತೆ ಟ್ರ್ಯಾಕರ್‌ಗೆ ಗೈಡ್‌ಗಿಂತ ಕಡಿಮೆ ಎಂದು ಚೀಟಿಯಲ್ಲಿತ್ತು. ನಾವು ಸಮ ಮಾಡಿ ಕೊಟ್ಟೆವು.

ಸಣ್ಣ ವಿಮಾನ ಇಳಿಯುವ ಮುಂಚೆ ಗೈಡ್ ಜೀಪಿನಲ್ಲಿ ರನ್‌ವೇ ಮೇಲೆ ಒಂದು ಸುತ್ತು ಹಾಕುತ್ತಾರೆ, ಹುಲ್ಲು ಮೇಯುತ್ತಿರುವ ಕಾಡುಹಂದಿ, ಇಂಪಾಲಗಳನ್ನು ಓಡಿಸಲು. ಕ್ಯಾಮೆರಾ ಅಷ್ಟರೊಳಗೆ ಚೀಲಕ್ಕೆ ಹಾಕಿರಬೇಡಿ.

ಮನೆಗೆ ಬಂದ ಮೇಲೆ ಮಲೇರಿಯಾ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ವಾಪಸಾದ ಮೇಲೆ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ ನುಂಗಬೇಕು. ಮುಂದಿನ ಕೆಲವು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ಡಾಕ್ಟರ ಹತ್ತಿರ ಮೊದಲ ಮಾತೇ "ಆಫ್ರಿಕಾಗೆ ಹೋಗಿದ್ದೆ" ಎಂದಿರಲಿ. ಡೆಂಗಿ ಪರೀಕ್ಷೆ ಮಾಡಿಸಿ ಸುಮ್ಮನಾದರೆ ಸಾಲದು, ಅದೇ ದಿನ ಮಲೇರಿಯಾ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.